ನಕಾಶೆಯಲ್ಲಿಯೇ ನಿರ್ಧಾರವಾಗುವ ಲಾಭ: ಸಿಂಧನೂರು, ಮಸ್ಕಿ, ಲಿಂಗಸುಗೂರು ಬಡಾವಣೆಗಳ ಬೀದಿ ಮತ್ತು ನಿವೇಶನ ವಿನ್ಯಾಸ

ಸಿಂಧನೂರು, ಮಸ್ಕಿ, ಲಿಂಗಸುಗೂರು ಪಟ್ಟಣಗಳನ್ನು ಒಂದೇ ದಾರದಲ್ಲಿ ಪೋಣಿಸಿದಂತೆ ಸಾಗುವ 150-ಎ ರಾಷ್ಟ್ರೀಯ ಹೆದ್ದಾರಿಯ ಇಕ್ಕೆಲಗಳಲ್ಲಿ, ಭತ್ತದ ಗದ್ದೆ ಮತ್ತು ತೊಗರಿ ಹೊಲಗಳ ನಡುವೆ, ಬಿಳಿಯ ಗಡಿಕಲ್ಲುಗಳು ಸಾಲುಗಟ್ಟಿ ನಿಂತಿರುವ ನೋಟ ಈಗ ಸಾಮಾನ್ಯವಾಗಿದೆ. 2024ರಲ್ಲಿ ಸಿಂಧನೂರಿಗೆ ರೈಲು ಬಂದಿತು. ಮಸ್ಕಿ ತಾಲ್ಲೂಕು ಕೇಂದ್ರವಾಯಿತು. ಗದಗ-ವಾಡಿ ರೈಲು ಮಾರ್ಗವು ಲಿಂಗಸುಗೂರಿನ ಮೇಲೆ ಹಾದುಹೋಗುವಂತೆ ಯೋಜಿತವಾಗಿದೆ. ಇವೆಲ್ಲವೂ ಜಮೀನಿನ ಬೆಲೆಯ ಮೇಲೆ ತಮ್ಮ ಪ್ರಭಾವ ಬೀರಿವೆ. ಅಕ್ಕಿ ಗಿರಣಿಯ ಮಾಲೀಕರು, ಅಡತಿ ವ್ಯಾಪಾರಸ್ಥರು, ಗೊಬ್ಬರ ಮತ್ತು ಬೀಜದ ವರ್ತಕರು ತಮ್ಮ ಉಳಿಕೆಯ ಬಂಡವಾಳವನ್ನು ‘ಎನ್.ಎ. ಪ್ಲಾಟ್’ಗಳಲ್ಲಿ ತೊಡಗಿಸುತ್ತಿದ್ದಾರೆ. ಶಾಲಾ ಶಿಕ್ಷಕರು, ಹಟ್ಟಿ ಚಿನ್ನದ ಗಣಿಯ ನೌಕರರು ಜೀವಮಾನದ ಉಳಿತಾಯವನ್ನು ಅದೇ ಪ್ಲಾಟ್‌ಗಳಿಗೆ ಸುರಿಯುತ್ತಿದ್ದಾರೆ.

ಇಷ್ಟೊಂದು ಹಣ ಹರಿಯುವ ವ್ಯವಹಾರದಲ್ಲಿ ಅತ್ಯಂತ ಕಡಿಮೆ ವೇಳೆ ಮತ್ತು ಅತ್ಯಂತ ಕಡಿಮೆ ವೆಚ್ಚ ಸಲ್ಲುವುದು ನಕಾಶೆಗೆ. ಭೂಮಿಯ ದರಕ್ಕಾಗಿ ತಿಂಗಳುಗಟ್ಟಲೆ ಚೌಕಾಶಿ ನಡೆಯುತ್ತದೆ. ಭೂಪರಿವರ್ತನೆಗಾಗಿ ಕಚೇರಿಯಿಂದ ಕಚೇರಿಗೆ ಅಲೆದಾಟ ನಡೆಯುತ್ತದೆ. ಬೀದಿಗಳು ಯಾವ ದಿಕ್ಕಿಗೆ ಓಡಬೇಕು, ನಿವೇಶನದ ಮುಖ ಎಷ್ಟು ಅಡಿ ಇರಬೇಕು, ಮಳೆಯ ನೀರು ಎಲ್ಲಿಂದ ಹೊರಬೀಳಬೇಕು ಎಂಬ ನಿರ್ಧಾರ ಮಾತ್ರ ಎರಡು ದಿನಗಳಲ್ಲಿ ಮುಗಿದಿರುತ್ತದೆ. ಬಡಾವಣೆಯ ಲಾಭ-ನಷ್ಟಗಳ ದೊಡ್ಡ ಪಾಲು ಆ ಎರಡು ದಿನಗಳಲ್ಲಿಯೇ ನಿರ್ಧಾರವಾಗಿರುತ್ತದೆ ಎಂಬುದನ್ನು ಹೂಡಿಕೆದಾರರು ಬಹುಮಟ್ಟಿಗೆ ಗಮನಿಸಿಲ್ಲ.

ಹತ್ತು ಎಕರೆಯ ಲೆಕ್ಕ

ಹತ್ತು ಎಕರೆ ಜಮೀನನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಂದು ಎಕರೆಗೆ 43,560 ಚದರ ಅಡಿಯಂತೆ ಒಟ್ಟು 4,35,600 ಚದರ ಅಡಿ. ಉದ್ಯಾನ, ಬಯಲು ಜಾಗ ಮತ್ತು ನಾಗರಿಕ ಸೌಲಭ್ಯಗಳಿಗಾಗಿ ಶೇಕಡಾ 15ರಷ್ಟನ್ನು ಬಿಟ್ಟುಕೊಡಲಾಗಿದೆ ಎಂದು ಭಾವಿಸಿದರೆ ಉಳಿಯುವುದು 3,70,260 ಚದರ ಅಡಿ. ಇದರಲ್ಲಿ 30 ಅಡಿ ಮುಖ, 40 ಅಡಿ ಆಳದ ನಿವೇಶನಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಎರಡು ಸಾಲು ಮಾಡಿ, ಸುತ್ತ 30 ಅಡಿಯ ರಸ್ತೆಗಳನ್ನು ಬಿಡುವುದು ವಾಡಿಕೆಯ ಕ್ರಮ.

ಪ್ರತಿ ಆರು ನಿವೇಶನಗಳಿಗೊಂದು ಅಡ್ಡರಸ್ತೆ ಹಾಕಿದರೆ ಈ ಜಾಗದ ಸುಮಾರು ಶೇಕಡಾ 38 ಭಾಗ ರಸ್ತೆಗೇ ಹೋಗುತ್ತದೆ. ದೊರೆಯುವ ನಿವೇಶನಗಳು ಸುಮಾರು 192. ಹತ್ತು ನಿವೇಶನಗಳಿಗೊಂದು ಅಡ್ಡರಸ್ತೆಯಾದರೆ ರಸ್ತೆಯ ಪಾಲು ಶೇಕಡಾ 34ಕ್ಕೆ ಇಳಿದು 204 ನಿವೇಶನಗಳು ದೊರೆಯುತ್ತವೆ. ಹದಿನಾರಕ್ಕೊಂದಾದರೆ 211. ಅಂಚುಗಳ ಓರೆಕೋರೆಯಿಂದಾಗಿ ಪ್ರತ್ಯಕ್ಷದಲ್ಲಿ ಈ ಸಂಖ್ಯೆಗಳು ತುಸು ಕಡಿಮೆಯಾಗುವುವು; ಆದರೆ ಅಂತರ ಹಾಗೆಯೇ ಉಳಿಯುತ್ತದೆ. ಅಡ್ಡರಸ್ತೆಗಳನ್ನು ಯೋಚಿಸದೆ ಹಾಕಿದ ಮಾತ್ರಕ್ಕೆ ಹತ್ತೊಂಬತ್ತು ನಿವೇಶನಗಳು ಡಾಂಬರಿನ ಅಡಿ ಹೂತುಹೋಗುತ್ತವೆ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ‘ನಮ್ಮ ಲೇಔಟಿನಲ್ಲಿ ಎಲ್ಲವೂ 40 ಅಡಿ ರಸ್ತೆ’ ಎಂದು ಫಲಕ ಹಾಕುವ ಉತ್ಸಾಹದಲ್ಲಿ ಒಳಬೀದಿಗಳನ್ನೂ 40 ಅಡಿಗೆ ಹಿಗ್ಗಿಸಿದರೆ, ಹತ್ತಕ್ಕೊಂದು ಅಡ್ಡರಸ್ತೆಯ ಅದೇ ಲೆಕ್ಕದಲ್ಲಿ 204 ನಿವೇಶನಗಳು 181ಕ್ಕೆ ಇಳಿಯುತ್ತವೆ. ಇಪ್ಪತ್ತು ಮನೆಗಳ ಬೀದಿಗೆ ಅಷ್ಟು ಅಗಲದ ಅಗತ್ಯವಿಲ್ಲ. ಬೇಕಾಗಿರುವುದು ಬಡಾವಣೆಯ ನಡುವೆ ಹಾದು ಮುಂದಿನ ಜಮೀನಿಗೂ ತಲುಪುವ ಒಂದು ಅಗಲವಾದ ಮುಖ್ಯರಸ್ತೆ ಮತ್ತು ಅದಕ್ಕೆ ಸೇರುವ, ನಿಯಮಕ್ಕೆ ಒಪ್ಪುವ 9 ಮೀಟರಿನ ಒಳಬೀದಿಗಳು. ರಸ್ತೆಗಳಲ್ಲಿ ಹಿರಿದು-ಕಿರಿದು ಎಂಬ ಭೇದವಿಲ್ಲದ ನಕಾಶೆಯಲ್ಲಿ ಮುಖ್ಯರಸ್ತೆಗೆ ಸಾಲದಷ್ಟು, ಒಳಬೀದಿಗೆ ಮಿಕ್ಕುವಷ್ಟು ಅಗಲ ದೊರೆಯುತ್ತದೆ.

ನಿವೇಶನದ ಮುಖವೂ ಹೀಗೆಯೇ ಲೆಕ್ಕಕ್ಕೆ ಬರುತ್ತದೆ. 30 ಅಡಿ ಮುಖದ ನಿವೇಶನದ ಪಾಲಿಗೆ ಬರುವ ರಸ್ತೆಯ ಅರ್ಧಭಾಗ 450 ಚದರ ಅಡಿ. ಅದೇ ನಿವೇಶನವನ್ನು ಹೊರಳಿಸಿ 40 ಅಡಿ ಮುಖ ಕೊಟ್ಟರೆ 600 ಚದರ ಅಡಿ. ಚರಂಡಿ, ನೀರಿನ ಕೊಳವೆ, ವಿದ್ಯುತ್ ತಂತಿಗಳ ಉದ್ದ ಮೂರರಲ್ಲೊಂದು ಪಾಲು ಹೆಚ್ಚುತ್ತದೆ. ಈ ಹೆಚ್ಚಳವನ್ನು ಮೊದಲು ಪ್ರವರ್ತಕರು ಭರಿಸಬೇಕು. ಬಡಾವಣೆಯನ್ನು ವಹಿಸಿಕೊಂಡ ಬಳಿಕ ವರ್ಷವರ್ಷವೂ ಪುರಸಭೆ ಭರಿಸಬೇಕು.

ಉದ್ದನೆಯ ಸಾಲುಗಳಲ್ಲಿ ಒಂದು ತೊಡಕಿದೆ. 480 ಅಡಿಯ ಸಾಲಿನ ನಡುವಿನ ಮನೆಯವರು ಹಿಂದಿನ ಬೀದಿಗೆ ಹೋಗಲು ಬಳಸಿಕೊಂಡು ಹೋಗಬೇಕು. ಇದಕ್ಕಾಗಿ ನಡುವೆ ಕಿರಿದಾದ ಕಾಲುದಾರಿ ಬಿಡುವ ಸಲಹೆ ಕೇಳಿಬರುವುದುಂಟು. ಬೆಂಗಳೂರಿನ ಹಳೆಯ ಬಡಾವಣೆಗಳ ಹಿಂಭಾಗದ ಓಣಿಗಳ ಗತಿಯನ್ನು ಕಂಡವರು ಈ ಸಲಹೆಯನ್ನು ಎಚ್ಚರದಿಂದ ಸ್ವೀಕರಿಸಬೇಕು. ಯಾವ ಮನೆಯ ಬಾಗಿಲೂ ತೆರೆಯದ ಓಣಿ ಕಸದ ತೊಟ್ಟಿಯಾಗುತ್ತದೆ, ಇಲ್ಲವೇ ಪಕ್ಕದವರ ಕಾಂಪೌಂಡಿನೊಳಗೆ ಸೇರಿಹೋಗುತ್ತದೆ. ಹತ್ತರಿಂದ ಹನ್ನೆರಡು ನಿವೇಶನಗಳ ಸಾಲು ಈ ಪಟ್ಟಣಗಳಿಗೆ ಹೊಂದುವ ಅಳತೆ.

ಎರೆ ಭೂಮಿ ಮತ್ತು ನೀರು

ಕಾಗದದ ಮೇಲಿನ ಲೆಕ್ಕ ಎಷ್ಟೇ ಅಚ್ಚುಕಟ್ಟಾಗಿರಲಿ, ಸಿಂಧನೂರಿನಲ್ಲಿ ಕೊನೆಯ ಮಾತು ನೀರಿನದು. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನ ಈ ಸೀಮೆ ಬಹುಪಾಲು ಮಟ್ಟಸವಾದ ಎರೆ ಭೂಮಿ. ಈ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಎರೆಯ ಮೇಲೆ ನೇರವಾಗಿ ಜಲ್ಲಿ ಹರಡಿ ಡಾಂಬರು ಹಾಕಿದ ರಸ್ತೆ ಎರಡು ಮಳೆಗಾಲ ಕಾಣುವುದು ಕಷ್ಟ. ಮೇಲಿನ ಎರೆಯನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡುವುದು, ಇಲ್ಲವೇ ಸುಣ್ಣ ಬೆರೆಸಿ ಮಣ್ಣನ್ನು ಗಟ್ಟಿಗೊಳಿಸುವುದು ಪರಿಚಿತ ಕ್ರಮಗಳು. ರಸ್ತೆಯ ಪಕ್ಕದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವುದು ಅದಕ್ಕಿಂತ ಮುಖ್ಯ. ಅದು ಗುತ್ತಿಗೆದಾರನ ಕೈಚಳಕಕ್ಕಿಂತ ಹೆಚ್ಚಾಗಿ ನಕಾಶೆಗೆ ಸೇರಿದ ವಿಷಯ.

ಚರಂಡಿಗೆ ನೂರು ಅಡಿಗೆ ಆರು ಇಂಚಿನ ಇಳಿಜಾರು ಕೊಡುವುದೆಂದು ಇಟ್ಟುಕೊಂಡರೆ, ಸಾವಿರ ಅಡಿ ಉದ್ದದ ಚರಂಡಿಯ ತುದಿ ಆರಂಭಕ್ಕಿಂತ ಐದು ಅಡಿ ಆಳದಲ್ಲಿರಬೇಕು. ಮಟ್ಟಸ ಭೂಮಿಯಲ್ಲಿ ಹೊರಗಿನ ಹಳ್ಳದ ತಳವೇ ಅಷ್ಟು ಆಳದಲ್ಲಿರುವುದಿಲ್ಲ. ಆಗ ಗುತ್ತಿಗೆದಾರ ಇಳಿಜಾರನ್ನು ಕಡಿಮೆ ಮಾಡುತ್ತಾನೆ, ಚರಂಡಿಯಲ್ಲಿ ಹೂಳು ತುಂಬುತ್ತದೆ, ಮೊದಲ ದೊಡ್ಡ ಮಳೆಗೆ ನೀರು ನಿವೇಶನಗಳಿಗೆ ನುಗ್ಗುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಪ್ರವಾಹದಲ್ಲಿ ರಾಯಚೂರು ಜಿಲ್ಲೆ ಅನುಭವಿಸಿದ ಹಾನಿಯನ್ನು ಈ ಭಾಗದ ಜನ ಮರೆತಿಲ್ಲ. ಆದುದರಿಂದ ಮೊದಲು ನೀರು ಹೊರಬೀಳುವ ಸ್ಥಳವನ್ನು ಗುರುತಿಸಬೇಕು, ಅದರ ತಳಮಟ್ಟವನ್ನು ಅಳೆಯಬೇಕು, ಆ ಬಳಿಕ ಚರಂಡಿಯ ಓಟಗಳು ಆದಷ್ಟು ಮೊಟಕಾಗುವಂತೆ ಬೀದಿಗಳನ್ನು ಎಳೆಯಬೇಕು. ರಸ್ತೆಯ ಮಟ್ಟ ನಿವೇಶನಕ್ಕಿಂತ ಕೆಳಗಿರಬೇಕೆಂಬುದು ಎಲ್ಲರೂ ಬಲ್ಲ ಮಾತು. ಆದರೂ ರಸ್ತೆಯನ್ನು ಎತ್ತರಿಸಿ ನಿವೇಶನಗಳನ್ನು ಗದ್ದೆಯ ಮಟ್ಟದಲ್ಲಿಯೇ ಬಿಟ್ಟ ಬಡಾವಣೆಗಳು ಕಡಿಮೆಯಿಲ್ಲ. ಅಲ್ಲಿ ಮನೆ ಕಟ್ಟುವವನು ಅಡಿಪಾಯಕ್ಕಿಂತ ಮೊದಲು ಟ್ರ್ಯಾಕ್ಟರ್‌ಗಟ್ಟಲೆ ಗರಸಿಗೆ ಹಣ ತೆರಬೇಕಾಗುತ್ತದೆ.

ಭತ್ತದ ಗದ್ದೆಯೆಂದರೆ ಬರಿದಾದ ಕಾಗದವಲ್ಲ. ಅದರೊಳಗೆ ಕೆಳಗಿನ ರೈತರಿಗೆ ನೀರು ಒಯ್ಯುವ ಹೊಲಗಾಲುವೆ, ಹೆಚ್ಚಾದ ನೀರನ್ನು ಇಳಿಸುವ ಬಸಿಗಾಲುವೆ, ಹಳೆಯ ಬಂಡಿದಾರಿ ಇರುತ್ತವೆ. ಬಿ-ಖರಾಬು ಎಂದು ದಾಖಲಾದ ಹಳ್ಳ ಮತ್ತು ದಾರಿಗಳು ಸಾರ್ವಜನಿಕ ಉಪಯೋಗಕ್ಕೆ ಸೇರಿದವು; ಅವುಗಳನ್ನು ಅಳಿಸಿ ನಿವೇಶನ ಮಾಡಲು ಬರುವುದಿಲ್ಲ. ದಾಖಲೆಯಲ್ಲಿಲ್ಲದ ಬಸಿಗಾಲುವೆಯನ್ನು ಮುಚ್ಚಿದರೂ ನೀರು ತನ್ನ ಹಳೆಯ ದಾರಿಯನ್ನು ಬಿಡುವುದಿಲ್ಲ. ಮೇಲಿನ ರೈತ ತನ್ನ ಹಕ್ಕನ್ನೂ ಬಿಡುವುದಿಲ್ಲ. ಇಂಥ ಒಂದು ದಾವೆ ಮಾರಾಟವನ್ನು ವರ್ಷಗಟ್ಟಲೆ ತಡೆಹಿಡಿಯಬಲ್ಲದು. ಬಸಿಗಾಲುವೆಯ ಗುಂಟ ಉದ್ದನೆಯ ಹಸಿರು ಪಟ್ಟಿ ಬಿಟ್ಟು ಅದರ ಮಗ್ಗುಲಲ್ಲಿ ರಸ್ತೆ ಎಳೆದರೆ ಅದೇ ಕಾಲುವೆ ಬಡಾವಣೆಯ ಮುಖ್ಯ ಮಳೆನೀರು ಚರಂಡಿಯಾಗುತ್ತದೆ.

ಲಿಂಗಸುಗೂರು ಮತ್ತು ಮಸ್ಕಿಯ ಕಡೆಗೆ ಸಾಗಿದಂತೆ ನೆಲ ಏರುಪೇರಾಗುತ್ತದೆ. ಮಸಾರಿ ಮಣ್ಣು, ಬಂಡೆಗಳು ಕಾಣಿಸಿಕೊಳ್ಳುತ್ತವೆ. ಇಲ್ಲಿ ಅಡಿಪಾಯದ ಚಿಂತೆ ಕಡಿಮೆ. ಆದರೆ ಇಳಿಜಾರಿಗೆ ನೇರವಾಗಿ ಬೀದಿ ಎಳೆದರೆ ಮಳೆನೀರು ಅದನ್ನೇ ಹಳ್ಳ ಮಾಡಿಕೊಳ್ಳುತ್ತದೆ. ಒಳಬೀದಿಗಳು ಇಳಿಜಾರಿಗೆ ಅಡ್ಡವಾಗಿ ಓಡಿ, ಮುಖ್ಯರಸ್ತೆಯೊಂದೇ ಕೆಳಕ್ಕೆ ಇಳಿಯುವಂತೆ ಇರುವುದು ಮೇಲು. ಮಸ್ಕಿಯಲ್ಲಿ ಇನ್ನೊಂದು ಸಂಗತಿಯಿದೆ. 1915ರಲ್ಲಿ ಬೆಳಕಿಗೆ ಬಂದ, ‘ಅಶೋಕ’ ಎಂಬ ಹೆಸರನ್ನೇ ಹೊತ್ತಿರುವ ಅಲ್ಲಿನ ಶಾಸನ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕ. ಇಂಥ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ನಿರ್ಮಾಣ ನಿಷಿದ್ಧ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಗುಡ್ಡದ ಸಮೀಪ ಜಮೀನು ಹಿಡಿಯುವವರು ಮುಂಗಡ ಕೊಡುವ ಮುನ್ನವೇ ಈ ಅಳತೆ ಮಾಡಿಸಿಕೊಳ್ಳುವುದು ಕ್ಷೇಮ.

ಉದ್ಯಾನದ ಸ್ಥಾನ, ರಸ್ತೆಯ ಕುತ್ತು

ಬಹುತೇಕ ನಕಾಶೆಗಳಲ್ಲಿ ನಿವೇಶನಗಳನ್ನು ಕತ್ತರಿಸಿ ಉಳಿದ ತ್ರಿಕೋನಕ್ಕೆ ಹಸಿರು ಬಣ್ಣ ಬಳಿದು ‘ಪಾರ್ಕ್’ ಎಂದು ಬರೆಯುವುದು ರೂಢಿ. ಕಾನೂನಿನ ಶೇಕಡಾವಾರು ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಹಾಗೆ ಮಾಡಿದವರು ಒಂದು ಆದಾಯದ ಮೂಲವನ್ನು ಮೂಲೆಗೆ ತಳ್ಳಿದ್ದಾರೆಂದೇ ಹೇಳಬೇಕು. ಒಂದು ಎಕರೆಯ ಚೌಕಾಕಾರದ ಉದ್ಯಾನದ ಪ್ರತಿ ಬದಿ ಸುಮಾರು 208 ಅಡಿ. ಸುತ್ತಳತೆ ಸುಮಾರು 830 ಅಡಿ. ಸುತ್ತಲೂ ರಸ್ತೆ ಬಿಟ್ಟು ನಡುವೆ ಇಟ್ಟರೆ 30 ಅಡಿ ಮುಖದ ಇಪ್ಪತ್ತೇಳು ನಿವೇಶನಗಳಾದರೂ ಉದ್ಯಾನಕ್ಕೆ ಎದುರಾಗುತ್ತವೆ. ಎದುರಿಗೆ ಉದ್ಯಾನವಿರುವ ನಿವೇಶನಕ್ಕೆ ಕೊಳ್ಳುವವರು ಹೆಚ್ಚು ಬೆಲೆ ಕೊಡುವುದನ್ನು ಎಲ್ಲ ಊರುಗಳಲ್ಲಿಯೂ ಕಾಣಬಹುದು. ಅದೇ ಒಂದು ಎಕರೆ ಹಿಂದಿನ ಗೋಡೆಗಳ ನಡುವೆ ಸಿಲುಕಿದರೆ ಅದಕ್ಕೆದುರಾದ ನಿವೇಶನ ಒಂದೂ ಇರುವುದಿಲ್ಲ. ನಾಲ್ಕು ಕಡೆಯ ಮನೆಯವರ ಕಣ್ಣಿರುವ ಉದ್ಯಾನದ ಒತ್ತುವರಿಯೂ ಸುಲಭವಲ್ಲ.

ಸಂಚಾರ ತಜ್ಞರ ಗಣನೆಯಂತೆ ನಾಲ್ಕು ದಾರಿ ಕೂಡುವ ಸ್ಥಳದಲ್ಲಿ ವಾಹನಗಳು ಪರಸ್ಪರ ಎದುರಾಗುವ 32 ಬಿಂದುಗಳಿರುತ್ತವೆ. ಮೂರು ದಾರಿ ಕೂಡುವಲ್ಲಿ ಅವು ಒಂಬತ್ತು ಮಾತ್ರ. ಮೂರು ದಾರಿಯ ಕೂಡುಗಳನ್ನು ಹೆಚ್ಚಿಸಿದಷ್ಟೂ ಬೀದಿ ಸುರಕ್ಷಿತ. ಆದರೆ ಎದುರಿನಿಂದ ರಸ್ತೆ ಬಂದು ತಾಗುವ ನಿವೇಶನಕ್ಕೆ ‘ಕುತ್ತು’ ಇದೆಯೆಂದು ನಮ್ಮ ಜನ ಕೊಳ್ಳಲು ಹಿಂಜರಿಯುತ್ತಾರೆ. ವಾಸ್ತುವಿನಲ್ಲಿ ನಂಬಿಕೆ ಇರಲಿ ಬಿಡಲಿ, ಮಾರಾಟದ ಪುಸ್ತಕದಲ್ಲಿ ಅದು ದಾಖಲಾಗುವ ಸತ್ಯ. ರಸ್ತೆ ಬಂದು ತಾಗುವ ಸ್ಥಳಗಳಲ್ಲಿಯೇ ಉದ್ಯಾನ, ನೀರಿನ ಟ್ಯಾಂಕ್, ಶಾಲೆ ಅಥವಾ ಅಂಗನವಾಡಿಯ ಜಾಗ, ಜೆಸ್ಕಾಂ ಪರಿವರ್ತಕದ ಜಾಗಗಳನ್ನು ಇರಿಸಿದರೆ ತಜ್ಞರ ಲೆಕ್ಕವೂ ಕೊಳ್ಳುವವರ ಲೆಕ್ಕವೂ ಒಂದಾಗುತ್ತವೆ. ಹೇಗಿದ್ದರೂ ಬಿಟ್ಟುಕೊಡಲೇಬೇಕಾದ ಜಾಗ ಅದು. ಸ್ಥಳ ಬದಲಿಸಲು ಹೆಚ್ಚಿನ ವೆಚ್ಚವಿಲ್ಲ.

ದಿಕ್ಕಿನ ವಿಷಯದಲ್ಲಿಯೂ ಇದೇ ಬಗೆಯ ಹೊಂದಾಣಿಕೆ ಸಾಧ್ಯ. ರಾಯಚೂರು ಸೀಮೆಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸದಲ್ಲ. ಬೀದಿಗಳು ಪೂರ್ವ-ಪಶ್ಚಿಮವಾಗಿ ಓಡಿದರೆ ಸಾಲುಮನೆಗಳು ಒಂದರ ಪಶ್ಚಿಮದ ಗೋಡೆಗೆ ಇನ್ನೊಂದು ನೆರಳಾಗಿ ನಿಲ್ಲುತ್ತವೆ. ಸಂಜೆಯ ಬಿಸಿಲು ಗೋಡೆಗೆ ನೇರ ಬಡಿಯುವುದು ಸಾಲಿನ ಕೊನೆಯ ಮನೆಗೆ ಮಾತ್ರ. ಉತ್ತರ ಮುಖದ ನಿವೇಶನಗಳು ಬೇಗ ಹೋಗುತ್ತವೆ, ದಕ್ಷಿಣದವು ನಿಧಾನ. ದಕ್ಷಿಣ ಮುಖದ ಸಾಲಿಗೆ ಉದ್ಯಾನವನ್ನು ಎದುರಾಗಿಸುವುದು, ಇಲ್ಲವೇ ಅಂಗಡಿಗಳಿಗೆಂದು ಮೀಸಲಾದ ನಿವೇಶನಗಳನ್ನು ಅಲ್ಲಿಗೆ ತರುವುದು ಅನುಭವಸ್ಥರು ಅನುಸರಿಸುವ ಉಪಾಯ.

ಇನ್ನೊಂದು ಸ್ಥಳೀಯ ಸಂಗತಿಯನ್ನು ನಗರದ ವಿನ್ಯಾಸಕಾರರು ಮರೆಯುತ್ತಾರೆ. ಇಲ್ಲಿ ಪ್ಲಾಟ್ ಕೊಳ್ಳುವವರಲ್ಲಿ ಅನೇಕರು ರೈತರೇ. ಅವರ ಮನೆಮುಂದೆ ಟ್ರೈಲರ್ ಸಹಿತ ಟ್ರ್ಯಾಕ್ಟರ್ ನಿಲ್ಲುತ್ತದೆ. ಸುಗ್ಗಿಯಲ್ಲಿ ಭತ್ತ ರಸ್ತೆಯ ಮೇಲೆ ಒಣಗುತ್ತದೆ. ಬೀದಿಗಳು ಕೂಡುವಲ್ಲಿ ನಿವೇಶನದ ಮೂಲೆಯನ್ನು ಓರೆಯಾಗಿ ಕತ್ತರಿಸದಿದ್ದರೆ ಟ್ರೈಲರ್ ತಿರುಗುವುದಿಲ್ಲ, ಅಗ್ನಿಶಾಮಕ ವಾಹನವೂ ತಿರುಗುವುದಿಲ್ಲ. ಪ್ರವೇಶದ ಬಳಿ ಟ್ರ್ಯಾಕ್ಟರ್‌ಗಳಿಗೊಂದು ಗಟ್ಟಿ ನೆಲ ಬಿಟ್ಟ ಬಡಾವಣೆಯಲ್ಲಿ ಒಳಬೀದಿಗಳು ಹೆಚ್ಚು ಕಾಲ ಬಾಳುತ್ತವೆ.

ನೆರೆಯ ಜಮೀನು

ಹೆದ್ದಾರಿಗೆ ಹೊಂದಿಕೊಂಡು ನಾಲ್ಕೆಕರೆ, ಆರೆಕರೆಗಳ ಬಡಾವಣೆಗಳು ಒಂದರ ಪಕ್ಕ ಒಂದು ಎದ್ದಿವೆ. ಪ್ರತಿಯೊಂದಕ್ಕೂ ಹೆದ್ದಾರಿಗೆ ತನ್ನದೇ ಬಾಯಿ. ಒಳಗಿನ ರಸ್ತೆಗಳು ಮಾತ್ರ ಪಕ್ಕದವರ ಗೋಡೆಗೆ ತಾಗಿ ನಿಂತಿವೆ. ಪಕ್ಕದ ಬಡಾವಣೆಯ ಶಾಲೆಗೆ ಹೋಗುವ ಮಗು ಲಾರಿಗಳ ಹೆದ್ದಾರಿಗೆ ಇಳಿದು ಹೋಗಬೇಕು. ಇದನ್ನು ಸರಿಪಡಿಸಲು ಎರಡೂ ಕಡೆಯವರು ನಕಾಶೆ ಒಪ್ಪಿಸುವ ಮುನ್ನ ಒಂದು ಮೇಜಿನ ಸುತ್ತ ಕುಳಿತರೆ ಸಾಕು. ಗುಜರಾತಿನಲ್ಲಿ 1976ರ ಕಾಯಿದೆಯಡಿ ಇನ್ನೂ ಮುಂದೆ ಹೋಗಿ, ಹಲವು ಮಾಲೀಕರ ಓರೆಕೋರೆ ಜಮೀನುಗಳನ್ನು ಒಟ್ಟುಗೂಡಿಸಿ, ರಸ್ತೆ-ಉದ್ಯಾನಗಳಿಗೆ ಪಾಲು ತೆಗೆದು, ಉಳಿದುದನ್ನು ಚೊಕ್ಕ ಆಕಾರದಲ್ಲಿ ಮಾಲೀಕರಿಗೇ ಮರಳಿಸುವ ಪದ್ಧತಿ ಅಹಮದಾಬಾದಿನ ವಿಸ್ತಾರಕ್ಕೆ ಬುನಾದಿಯಾಯಿತು. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ, 1961ರಲ್ಲಿಯೂ ನಗರ ಯೋಜನಾ ಸ್ಕೀಮುಗಳಿಗೆ ಅವಕಾಶವಿದೆ. ಸಣ್ಣ ಹಿಡುವಳಿಗಳ ಪ್ರವರ್ತಕರು ಸ್ವಂತ ಒಪ್ಪಂದದಿಂದಲೇ ಜಂಟಿ ನಕಾಶೆ ಮಾಡಿಕೊಂಡರೆ ಉದ್ಯಾನ, ಟ್ಯಾಂಕ್ ಮತ್ತು ಚರಂಡಿಯ ಬಾಯಿ ಎಲ್ಲರಿಗೂ ಒಂದೇ ಸಾಕಾಗುತ್ತದೆ.

ಲೆಕ್ಕಪತ್ರದ ಮಾತು

ಭೂಕಂದಾಯ ಕಾಯಿದೆಯ 95ನೇ ಕಲಮಿನ ಪರಿವರ್ತನೆ ದೊರೆತರೆ ಬಡಾವಣೆ ಸಿದ್ಧವಾಯಿತೆಂಬ ಭಾವನೆ ಇನ್ನೂ ಇದೆ. ಯೋಜನಾ ಕಾಯಿದೆಯ 17ನೇ ಕಲಮಿನ ವಿನ್ಯಾಸ ಮಂಜೂರಾತಿ ಬೇರೆ. ಐನೂರು ಚದರ ಮೀಟರಿಗೆ ಮೀರಿದ ಯೋಜನೆಗೆ 2016ರ ರೇರಾ ಕಾಯಿದೆಯ ನೋಂದಣಿ ಬೇರೆ. ಅನುಮೋದನೆಯಿಲ್ಲದೆ ಮಾರಾಟವಾದ ಪ್ಲಾಟ್‌ಗಳ ಮಾಲೀಕರು 2025ರ ಬಿ-ಖಾತಾ ಅಭಿಯಾನದಲ್ಲಿ ಸಾಲುಗಟ್ಟಿ ನಿಂತದ್ದನ್ನು ಎಲ್ಲರೂ ಕಂಡಿದ್ದಾರೆ. ಬಿ-ಖಾತಾದಿಂದ ಆಸ್ತಿ ತೆರಿಗೆಯ ದಾಖಲೆ ದೊರೆಯಬಹುದು. ಕಿರಿದಾದ ಬೀದಿ ಅಗಲವಾಗುವುದಿಲ್ಲ, ಇಲ್ಲದ ಚರಂಡಿ ಹುಟ್ಟುವುದಿಲ್ಲ.

ರೇರಾದಡಿ ಕೊಳ್ಳುವವರಿಂದ ಬಂದ ಹಣದ ಶೇಕಡಾ 70ನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು. ಕಾಮಗಾರಿಯ ಪ್ರಗತಿಗೆ ತಕ್ಕಂತೆ ಎಂಜಿನಿಯರ್, ವಾಸ್ತುಶಿಲ್ಪಿ ಮತ್ತು ಲೆಕ್ಕ ಪರಿಶೋಧಕರ ಪ್ರಮಾಣಪತ್ರದ ಮೇಲೆಯೇ ಅದನ್ನು ತೆಗೆಯಬೇಕು. ಅನಗತ್ಯವಾಗಿ ಉದ್ದವಾದ ರಸ್ತೆ-ಚರಂಡಿಗಳು ಮುಗಿಯದಿದ್ದಷ್ಟು ಕಾಲ ಹಣ ಖಾತೆಯಲ್ಲಿ ಸಿಲುಕಿರುತ್ತದೆ. ಅಭಿವೃದ್ಧಿಪಡಿಸಿದ ನಿವೇಶನದ ಮಾರಾಟಕ್ಕೆ ಜಿ.ಎಸ್.ಟಿ. ಇಲ್ಲವೆಂದು 2022ರ ಆಗಸ್ಟ್ 3ರ ಸುತ್ತೋಲೆ ಸ್ಪಷ್ಟಪಡಿಸಿದೆ. ಇದರ ಇನ್ನೊಂದು ಮಗ್ಗುಲೆಂದರೆ, ರಸ್ತೆ-ಚರಂಡಿಯ ಗುತ್ತಿಗೆಯ ಮೇಲೆ ತೆತ್ತ ಶೇಕಡಾ 18ರ ತೆರಿಗೆ ಹಿಂದಿರುಗುವುದಿಲ್ಲ. ಅದು ಪೂರ್ತಿಯಾಗಿ ವೆಚ್ಚಕ್ಕೇ ಸೇರುತ್ತದೆ. ಹೆಚ್ಚುವರಿ ರಸ್ತೆಯ ಪ್ರತಿ ನೂರು ರೂಪಾಯಿಗೆ ನಿಜವಾದ ವೆಚ್ಚ ನೂರಹದಿನೆಂಟು.

ಮಾರಾಟವಾಗದೆ ಉಳಿಯುವ ನಿವೇಶನಗಳ ವೆಚ್ಚವನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ನಿವೇಶನಕ್ಕೆ ಎಂಟು ಲಕ್ಷವೆಂದು ಲೆಕ್ಕಕ್ಕಾಗಿ ಹಿಡಿದರೆ, ಕುತ್ತಿನವು, ನೀರು ನಿಲ್ಲುವವು, ಓರೆಯಾದವು ಸೇರಿ ಇಪ್ಪತ್ತು ನಿವೇಶನಗಳು ಉಳಿದಾಗ ಸಿಲುಕುವ ಮೊತ್ತ 1 ಕೋಟಿ 60 ಲಕ್ಷ. ಶೇಕಡಾ 12ರ ಸರಳ ಬಡ್ಡಿಯಲ್ಲಿ ವರ್ಷಕ್ಕೆ 19 ಲಕ್ಷ 20 ಸಾವಿರ. ಮೂರು ವರ್ಷಕ್ಕೆ 57 ಲಕ್ಷ 60 ಸಾವಿರ. ಒಳ್ಳೆಯ ಮಟ್ಟಮಾಪನ ಮತ್ತು ಅನುಭವಿ ವಿನ್ಯಾಸಕಾರನ ಸಂಭಾವನೆ ಈ ಮೊತ್ತದ ಸಣ್ಣದೊಂದು ಅಂಶವನ್ನೂ ಮುಟ್ಟುವುದಿಲ್ಲ.

ಮಟ್ಟಮಾಪನದ ಕಾಲವೂ ಮುಖ್ಯ. ಏಪ್ರಿಲ್-ಮೇ ತಿಂಗಳಲ್ಲಿ ಕಾಲುವೆ ಬತ್ತಿರುತ್ತದೆ, ಹೊಲ ಬಿರುಕುಬಿಟ್ಟಿರುತ್ತದೆ. ಅಳತೆಗೆ ಅದು ಅನುಕೂಲದ ಸಮಯ. ಆದರೆ ಆಗ ನೀರು ಕಾಣುವುದಿಲ್ಲ. ಅಕ್ಟೋಬರ್‌ನಲ್ಲಿ, ಕಾಲುವೆ ತುಂಬಿ ಹರಿಯುತ್ತಿರುವಾಗ ಮತ್ತು ಹಿಂಗಾರಿನ ಒಂದು ಮಳೆ ಬಿದ್ದ ಮಾರನೆಯ ದಿನ, ಅದೇ ಹೊಲದ ಬದುವಿನ ಮೇಲೆ ಮಾಲೀಕರು, ಎಂಜಿನಿಯರ್ ಮತ್ತು ಪಕ್ಕದ ಹೊಲದ ಹಿರಿಯ ರೈತ ಒಟ್ಟಿಗೆ ನಡೆದು, ನೀರು ಎಲ್ಲಿ ನಿಂತಿದೆ, ಎಲ್ಲಿಂದ ಇಳಿಯುತ್ತಿದೆ ಎಂಬುದನ್ನು ನಕಾಶೆಯ ಮೇಲೆ ಗುರುತು ಹಾಕಿಕೊಳ್ಳಬೇಕು. ಗಡಿಕಲ್ಲು ನೆಡುವ ಕೆಲಸ ಆ ಬಳಿಕ.